ಡಿಪ್‌ಸ್ಟಿಕ್ ಲೆಕ್ಕ: ಹಳೆಯ ಕಾರು ಎಷ್ಟು ಆಯಿಲ್ ಕುಡಿಯುತ್ತಿದೆ?

ಗಾಡಿ: 800 ಸಿಸಿ, 3 ಸಿಲಿಂಡರ್‌ನ ಹಳೆಯ ಪೆಟ್ರೋಲ್ ಕಾರು. ಕೆಲಸ: ಒಂದು ಆಯಿಲ್ ಚೇಂಜ್‌ನಿಂದ ಮುಂದಿನದರವರೆಗೆ ಎಂಜಿನ್ ಎಷ್ಟು ಆಯಿಲ್ ಕುಡಿಯುತ್ತದೆ ಎಂದು ಮಿಲಿಲೀಟರ್ ಲೆಕ್ಕದಲ್ಲಿ ಹಿಡಿಯುವುದು. "ಸ್ವಲ್ಪ ಕಮ್ಮಿ ಇದೆ, ಹಾಕಿಬಿಡೋಣ" ಅಂತ ಹಾಕುತ್ತಾ ಹೋದರೆ ಎಂಜಿನ್ ಸವೆಯುತ್ತಿದೆಯೋ, ಬರೀ ಗ್ಯಾಸ್ಕೆಟ್ (ಎರಡು ಭಾಗಗಳ ಸಂದಿಯಲ್ಲಿ ಸೋರದಂತೆ ಇಡುವ ಪದರ) ಸೋರುತ್ತಿದೆಯೋ ಎಂದೂ ಗೊತ್ತಾಗುವುದಿಲ್ಲ.

82,000 ಕಿ.ಮೀ. – ಕಡ್ಡಿಗೆ ಅಳತೆ

ಇದನ್ನು ಆಯಿಲ್ ಚೇಂಜ್ ದಿನವೇ ಮಾಡಬೇಕು. ಹಳೆಯ ಆಯಿಲ್ ಪೂರ್ತಿ ಇಳಿಸಿ, ಹೊಸ ಫಿಲ್ಟರ್ ಕೂರಿಸಿ, ಡಿಪ್‌ಸ್ಟಿಕ್‌ನ (ಆಯಿಲ್ ಮಟ್ಟ ನೋಡುವ ಕಡ್ಡಿಯ) ಕೆಳಗಿನ ಗುರುತು ಮುಟ್ಟುವಷ್ಟು ಆಯಿಲ್ ಹಾಕಿ. ಎಂಜಿನ್ ಒಂದು ನಿಮಿಷ ಐಡಲ್‌ನಲ್ಲಿ ಓಡಲಿ. ಖಾಲಿ ಫಿಲ್ಟರ್ ತುಂಬಿಕೊಳ್ಳುವುದರಿಂದ ಮಟ್ಟ ಇಳಿಯುತ್ತದೆ. ಹತ್ತು ನಿಮಿಷ ಬಿಟ್ಟು ಮತ್ತೆ ಗುರುತಿಗೆ ತನ್ನಿ. ಈ ಸುತ್ತು ಬಿಟ್ಟರೆ ಮುಂದಿನ ಲೆಕ್ಕವೆಲ್ಲ ಫಿಲ್ಟರ್ ನುಂಗಿದಷ್ಟು ತಪ್ಪುತ್ತದೆ.

ಆಮೇಲೆ ಅಳತೆಯ ಕಪ್‌ನಲ್ಲಿ 200 ಮಿ.ಲೀ. ಹಾಕುವುದು, ಹತ್ತು ನಿಮಿಷ ಕಾಯುವುದು, ಕಡ್ಡಿಯ ತುದಿಯಿಂದ ಎಷ್ಟು ಮಿ.ಮೀ. ಎಂದು ಸ್ಕೇಲ್ ಇಟ್ಟು ಬರೆದುಕೊಳ್ಳುವುದು. ಮೇಲಿನ ಗುರುತು ಬರುವವರೆಗೂ ಹೀಗೇ. ಈ ಗಾಡಿಯಲ್ಲಿ ಎರಡು ಗುರುತುಗಳ ನಡುವೆ 1 ಲೀಟರಿಗೆ ಸ್ವಲ್ಪ ಕಮ್ಮಿ ಹಿಡಿಯಿತು. ಪ್ರತಿ 200 ಮಿ.ಲೀ.ಗೂ ಒಂದೇ ಸಮ ಏರುವುದಿಲ್ಲ: ಸಂಪ್ (ಎಂಜಿನ್ ಅಡಿಯ ಆಯಿಲ್ ತೊಟ್ಟಿ) ಎಲ್ಲ ಎತ್ತರದಲ್ಲೂ ಒಂದೇ ಅಗಲ ಇರುವುದಿಲ್ಲ, ಕಡ್ಡಿಯೂ ಓರೆಯಾಗಿ ಇಳಿಯುತ್ತದೆ. ಅದಕ್ಕೇ ಭಾಗಾಕಾರ ಮಾಡದೆ ಪಟ್ಟಿ ಮಾಡಿಟ್ಟುಕೊಂಡರೆ ಒಳ್ಳೆಯದು.

ನೋಡುವ ಕ್ರಮ

ಬಿಸಿ ಎಂಜಿನ್ ಆಫ್ ಮಾಡಿ ಐದರಿಂದ ಹತ್ತು ನಿಮಿಷ ಬಿಟ್ಟು ನೋಡಬಹುದು, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ತಣ್ಣಗಿದ್ದಾಗಲೂ ನೋಡಬಹುದು. ಮ್ಯಾನ್ಯುಯಲ್ ಯಾವುದನ್ನು ಹೇಳುತ್ತದೋ ಅದೇ ಸರಿ. ಆದರೆ ಎರಡನ್ನೂ ಬೆರೆಸಿ ದಾಖಲೆ ಇಡಬಾರದು. 25 ಡಿಗ್ರಿಯಿಂದ 90 ಡಿಗ್ರಿಗೆ ಬಿಸಿಯಾದಾಗ ಆಯಿಲ್ ಸುಮಾರು ಶೇ 4.5ರಷ್ಟು ಹಿಗ್ಗುತ್ತದೆ, 3 ಲೀಟರಿಗೆ ಅದು 130 ಮಿ.ಲೀ. ದಾಟುತ್ತದೆ. ನಾವು ಹುಡುಕುತ್ತಿರುವ ವ್ಯತ್ಯಾಸವೂ ಹೆಚ್ಚುಕಮ್ಮಿ ಅಷ್ಟೇ! ಇಲ್ಲಿನ ದಾಖಲೆಯೆಲ್ಲ ಬೆಳಗಿನ ತಣ್ಣನೆಯದು. ಬಿಸಿ ಎಂಜಿನ್‌ನಲ್ಲಿ ರೇಡಿಯೇಟರ್ ಫ್ಯಾನ್ ತಾನಾಗಿಯೇ ತಿರುಗಬಹುದು, ತಣ್ಣಗಿದ್ದಾಗ ಆ ಭಯವೂ ಇಲ್ಲ.

ನೆಲ ಸಮತಟ್ಟಾಗಿರಲಿ. ಮಲೆನಾಡಿನ ಕಡೆ ಅಂಗಳವೇ ಇಳಿಜಾರು. ಅಲ್ಲಿ ಪ್ರತಿ ಸಲ ಅದೇ ಜಾಗದಲ್ಲಿ, ಅದೇ ಮುಖ ಮಾಡಿ ನಿಲ್ಲಿಸಿದರೆ ಹೋಲಿಕೆಯಾದರೂ ಸರಿಯಿರುತ್ತದೆ. ಎಂಜಿನ್ ಅಡ್ಡಲಾಗಿ ಕೂತ ಕಾರುಗಳಲ್ಲಿ ಎಡ-ಬಲದ ವಾಲು ಹೆಚ್ಚು ಮೋಸ ಮಾಡುತ್ತದೆ, ಏಕೆಂದರೆ ಸಂಪ್‌ನ ಉದ್ದ ಇರುವುದು ಆ ದಿಕ್ಕಿಗೆ.

ಮೊದಲ ಸಲ ಎಳೆದಾಗ ಕಂಡದ್ದನ್ನು ನಂಬಬೇಡಿ. ಒರೆಸಿ, ಪೂರ್ತಿ ಕೂರುವವರೆಗೆ ಒತ್ತಿ, ಮತ್ತೆ ಎಳೆಯಿರಿ. ಕಡ್ಡಿಯ ಎರಡೂ ಮುಖ ನೋಡಿ, ಕಮ್ಮಿ ತೋರಿಸುವ ಕಡೆಯದನ್ನೇ ಬರೆಯಿರಿ. ಇನ್ನೊಂದು ಕಡೆ ಕೊಳವೆಯ ಗೋಡೆಯ ಆಯಿಲ್ ಸವರಿಕೊಂಡಿರುತ್ತದೆ. ಒರೆಸಲು ಹಳೆಯ ಬನಿಯನ್ ಬಟ್ಟೆ ಸಾಕು. ಕಾಟನ್ ವೇಸ್ಟ್ ಬೇಡ, ಎಳೆ ಬಿಟ್ಟು ಒಳಗೆ ಹೋಗುತ್ತದೆ.

83,500 ಕಿ.ಮೀ.

1500 ಕಿ.ಮೀ.ಗೆ ಸುಮಾರು 250 ಮಿ.ಲೀ. ಇಳಿದಿದೆ. ಅಂದರೆ 1000 ಕಿ.ಮೀ.ಗೆ 170ರ ಆಸುಪಾಸು. ಕೆಲವು ಕಂಪನಿಗಳು 1000 ಕಿ.ಮೀ.ಗೆ ಅರ್ಧ ಲೀಟರ್‌ವರೆಗೂ ಸಹಜ ಅನ್ನುತ್ತವೆ, ಆದ್ದರಿಂದ ಗಾಬರಿ ಬೇಕಿಲ್ಲ. 200 ಮಿ.ಲೀ. ಟಾಪ್ ಅಪ್ ಆಯಿತು. ಮೇಲಿನ ಗುರುತಿಗಿಂತ ಚೂರು ಕೆಳಗೇ ನಿಲ್ಲಿಸಿದೆ.

ತುಂಬಿ ತುಳುಕಿಸುವುದು ಕಮ್ಮಿ ಇರುವಷ್ಟೇ ಕೆಟ್ಟದ್ದು. ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಆಯಿಲ್‌ಗೆ ಬಡಿದರೆ ನೊರೆ ಏಳುತ್ತದೆ. ನೊರೆ ಎಳೆದ ಪಂಪ್ ಬೇರಿಂಗ್‌ಗೆ ಸರಿಯಾದ ಪ್ರೆಶರ್ ಕೊಡಲಾರದು. ಹೆಚ್ಚಾದರೆ ಮೆಡಿಕಲ್ ಶಾಪ್‌ನ ದೊಡ್ಡ ಸಿರಿಂಜ್‌ಗೆ ತೆಳ್ಳನೆ ಪೈಪ್ ಸಿಕ್ಕಿಸಿ ಡಿಪ್‌ಸ್ಟಿಕ್ ಕೊಳವೆಯಿಂದಲೇ ಎಳೆದು ತೆಗೆಯಬಹುದು, ಎಷ್ಟು ತೆಗೆದಿರಿ ಎಂಬ ಲೆಕ್ಕವೂ ಸಿಗುತ್ತದೆ.

ಡ್ಯಾಶ್‌ಬೋರ್ಡ್‌ನ ಕೆಂಪು ಆಯಿಲ್ ದೀಪವನ್ನು ನೆಚ್ಚಿ ಕೂರಬೇಡಿ. ಅದು ಹೇಳುವುದು ಪ್ರೆಶರ್, ಮಟ್ಟವಲ್ಲ. ಆಯಿಲ್ ಕಮ್ಮಿಯಾಗಿ ಅದು ಹತ್ತುವ ಹೊತ್ತಿಗೆ ಪಂಪ್ ಗಾಳಿ ಎಳೆಯಲು ಶುರುಮಾಡಿರುತ್ತದೆ. ಹತ್ತಿದರೆ ಅಲ್ಲೇ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಬೇಕು.

ಮಳೆಗಾಲದಲ್ಲಿ ಫಿಲ್ಲರ್ ಕ್ಯಾಪ್ ಅಡಿಯಲ್ಲಿ ತೆಳುವಾಗಿ ಬೆಣ್ಣೆಬಣ್ಣದ ಪದರ ಕಂಡರೆ ಹೆಚ್ಚಾಗಿ ಅದು ಹತ್ತಿರದ ಓಡಾಟದಲ್ಲಿ ಆರದೆ ಉಳಿದ ತೇವ. ಅದೇ ಬಣ್ಣ ಕಡ್ಡಿಯಲ್ಲೂ ಇದ್ದು ಕೂಲೆಂಟ್ ಕಮ್ಮಿಯಾಗಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಮೇಲಿನ ಹೆಡ್ ನಡುವಿನ ಗ್ಯಾಸ್ಕೆಟ್) ಕಡೆ ನೋಡಬೇಕು, ಗಾಡಿ ಓಡಿಸಬಾರದು. ಹಾಕದೆಯೇ ಮಟ್ಟ ಏರಿ ಪೆಟ್ರೋಲ್ ವಾಸನೆ ಬಂದರೆ ಇಂಧನ ಸಂಪ್‌ಗೆ ಇಳಿಯುತ್ತಿದೆ. ಆಯಿಲ್ ಬರೀ ಕಪ್ಪಾಗಿದ್ದರೆ ಅದರಿಂದ ಏನೂ ತೀರ್ಮಾನಿಸಲು ಆಗದು.

ಬಾಕಿ ಇರುವುದು

ಹೊರಗೆ ಸೋರಿಕೆ ಇಲ್ಲ. ವಾಲ್ವ್ ಕವರ್ ಅಂಚು, ಡ್ರೈನ್ ಬೋಲ್ಟ್ ಎರಡೂ ಒಣಗಿವೆ. ಹಾಗಾದರೆ ಉರಿಯುತ್ತಿದೆ. ರಾತ್ರಿಯೆಲ್ಲ ನಿಂತು ಸ್ಟಾರ್ಟ್ ಮಾಡಿದಾಗ, ಅಥವಾ ಘಾಟಿ ಇಳಿದು ಮತ್ತೆ ಆಕ್ಸಿಲರೇಟರ್ ಒತ್ತಿದಾಗ ನೀಲಿ ಹೊಗೆ ಬಂದರೆ ಕಾರಣ ವಾಲ್ವ್ ಸೀಲ್ (ವಾಲ್ವ್ ಕಡ್ಡಿಯ ಸುತ್ತ ಆಯಿಲ್ ತಡೆಯುವ ರಬ್ಬರ್). ಏರಿನಲ್ಲಿ ಎಳೆಯುವಾಗ ಬಿಡದೆ ಬಂದರೆ ರಿಂಗ್ (ಪಿಸ್ಟನ್ ಸುತ್ತಲಿನ ಬಳೆ). ಮೊದಲು ಅಗ್ಗದ ಪಿಸಿವಿ ವಾಲ್ವ್ (ಎಂಜಿನ್ ಒಳಗಿನ ಆವಿಯನ್ನು ಇನ್‌ಟೇಕ್‌ಗೆ ಬಿಡುವ ವಾಲ್ವ್) ಬದಲಿಸಿ 1000 ಕಿ.ಮೀ. ನೋಡುವುದು. ಇಳಿಕೆ ಹಾಗೇ ಇದ್ದರೆ ಕಂಪ್ರೆಶನ್ ಟೆಸ್ಟ್ (ಸಿಲಿಂಡರ್ ಒಳಗಿನ ಒತ್ತಡವನ್ನು ಗೇಜ್‌ನಲ್ಲಿ ಅಳೆಯುವುದು): ಒಮ್ಮೆ ಒಣ, ಇನ್ನೊಮ್ಮೆ ಪ್ರತಿ ಸಿಲಿಂಡರ್‌ಗೆ ಒಂದು ಚಮಚ ಆಯಿಲ್ ಬಿಟ್ಟು. ಎರಡನೆಯ ಸಲ ಗೇಜ್ ಗಮನಾರ್ಹವಾಗಿ ಏರಿದರೆ ರಿಂಗ್ ಸವೆದಿವೆ. ಏರದೆ ಎರಡೂ ಸಲ ಚೆನ್ನಾಗಿಯೇ ಇದ್ದರೆ ವಾಲ್ವ್ ಸೀಲ್ ಸೆಟ್ ತರಿಸಬೇಕು.