ಬೆಳಿಗ್ಗೆ ಬೆಟ್ಟ, ಸಂಜೆ ಶಾಸನ

ನಾನು ಚಿತ್ರದುರ್ಗದ ಪದವಿ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಪ್ರತಿ ವರ್ಷ ಅಂತಿಮ ವರ್ಷದ ವಿದ್ಯಾರ್ಥಿಗಳನ್ನು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟಕ್ಕೆ ಒಂದು ದಿನದ ಕಾಲ್ನಡಿಗೆಯಲ್ಲಿ ಕರೆದುಕೊಂಡು ಹೋಗುವುದು ನನ್ನ ಪಾಲಿಗೆ ಬಂದಿರುವ ಕೆಲಸ. ಕೆಲವೇ ಕಿಲೋಮೀಟರುಗಳ ಅಂತರದಲ್ಲಿ ಅಶೋಕನ ಮೂರು ಶಾಸನಗಳಿರುವ ಈ ಜಾಗವನ್ನು ಬಸ್ಸಿನ ಕಿಟಕಿಯಿಂದ ತೋರಿಸಿ ಬಂದರೆ ಪಾಠವಾಗುವುದಿಲ್ಲ. ಒಂದೇ ರಾಜಾಜ್ಞೆಯನ್ನು ಇಷ್ಟು ಹತ್ತಿರದಲ್ಲಿ ಮೂರು ಕಡೆ ಏಕೆ ಕೆತ್ತಿಸಿದರು ಎಂಬ ಪ್ರಶ್ನೆ, ಒಂದು ಶಾಸನದ ಬಂಡೆಯಿಂದ ಇನ್ನೊಂದಕ್ಕೆ ನಡೆದು ಹೋದವರ ಮನಸ್ಸಿನಲ್ಲಿ ತಾನಾಗಿಯೇ ಏಳುತ್ತದೆ. ಆದ್ದರಿಂದ ನಡೆಯಲೇಬೇಕು ಎಂಬುದರಲ್ಲಿ ನನಗೆ ಎಂದೂ ಅನುಮಾನವಿರಲಿಲ್ಲ. ನಾನು ತಪ್ಪಿದ್ದು ಆ ನಡಿಗೆಯನ್ನು ಯೋಜಿಸಿದ ರೀತಿಯಲ್ಲಿ.

ಮೊದಲ ವರ್ಷದ ಯೋಜನೆಯನ್ನು ನಾನು ಪಾಠದ ಕ್ರಮದಲ್ಲಿಯೇ ಬರೆದಿದ್ದೆ. ಬೆಳಿಗ್ಗೆ ಬ್ರಹ್ಮಗಿರಿ, ಏಕೆಂದರೆ ಅಲ್ಲಿಯ ಶಾಸನವೇ ಮೂರರಲ್ಲಿ ಚೆನ್ನಾಗಿ ಉಳಿದಿರುವುದು. ಜೊತೆಗೆ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿ, ಶಿಲಾ ಕೊಡಲಿಯ ಕಾಲ, ಬೃಹತ್ ಶಿಲಾ ಗೋರಿಗಳ ಕಾಲ ಮತ್ತು ಶಾತವಾಹನರ ಕಾಲವನ್ನು ಮಣ್ಣಿನ ಪದರಗಳಲ್ಲಿ ಒಂದರ ಮೇಲೊಂದು ಗುರುತಿಸಿದ ನೆಲವೂ ಅದೇ. ಆಮೇಲೆ ಸಿದ್ದಾಪುರ. ಊಟವಾದ ಮೇಲೆ ಜಟಿಂಗ ರಾಮೇಶ್ವರ. ನಕಾಶೆಯಲ್ಲಿ ದೂರವನ್ನು ಅಳೆದು, ಗಂಟೆಗೆ ನಾಲ್ಕು ಕಿಲೋಮೀಟರಿನಂತೆ ಭಾಗಿಸಿ, ಬಂದ ಲೆಕ್ಕಕ್ಕೆ ಅರ್ಧ ಗಂಟೆ ಊಟದ ಬಿಡುವು ಸೇರಿಸಿದ್ದೆ. ಹಾಳೆಯ ಮೇಲೆ ಅದು ಬಹಳ ಅಚ್ಚುಕಟ್ಟಾಗಿ ಕಾಣುತ್ತಿತ್ತು. ಡಿಸೆಂಬರಿನ ಒಂದು ಮುಂಜಾನೆ ನಾನೊಬ್ಬಳೇ ಹೋಗಿ ದಾರಿಯನ್ನು ನಡೆದು ನೋಡಿಯೂ ಬಂದಿದ್ದೆ. ಆದರೆ ಪರೀಕ್ಷೆ, ರಜೆ ಎಂದು ದಿನ ಮುಂದಕ್ಕೆ ಹೋಗುತ್ತಾ, ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದದ್ದು ಮಾರ್ಚ್ ತಿಂಗಳಿನಲ್ಲಿ.

ಮೊಳಕಾಲ್ಮೂರು, ಚಳ್ಳಕೆರೆ ಕಡೆಯ ನೆಲವನ್ನು ಬಲ್ಲವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳಲ್ಲಿ ಇವೂ ಸೇರಿವೆ. ಶೇಂಗಾ ಕಿತ್ತ ಹೊಲಗಳಲ್ಲಿ ನೆರಳೆಂಬುದಿಲ್ಲ. ಬೆಟ್ಟವೆಂದರೆ ಕಾಡಲ್ಲ, ಒಂದರ ಮೇಲೊಂದು ಪೇರಿಸಿಟ್ಟಂತಿರುವ ಕಣಶಿಲೆಯ ಗುಂಡುಗಳು. ಆ ಕಲ್ಲು ಬಿಸಿಲನ್ನು ಹೀರಿಕೊಂಡು ಮಧ್ಯಾಹ್ನದ ಹೊತ್ತಿಗೆ ಹೊರಗೆ ಉಗುಳತೊಡಗುತ್ತದೆ. ತಲೆಯ ಮೇಲಿನ ಬಿಸಿಲಿಗೆ ಟೋಪಿ ಇದೆ, ಕಾಲ ಕೆಳಗಿನಿಂದ, ಪಕ್ಕದ ಬಂಡೆಯಿಂದ ಬರುವ ಝಳಕ್ಕೆ ಏನೂ ಇಲ್ಲ. ಸಮುದ್ರಮಟ್ಟದಿಂದ 3,469 ಅಡಿ ಎತ್ತರದ ಜಟಿಂಗ ರಾಮೇಶ್ವರ ಬೆಟ್ಟದ ಬುಡಕ್ಕೆ ನಾವು ಬಂದಾಗ ಮಧ್ಯಾಹ್ನ ಒಂದೂವರೆ. ಒಬ್ಬೊಬ್ಬರ ಬಳಿ ಒಂದೊಂದು ಲೀಟರ್ ನೀರು ಇದ್ದದ್ದು ಆಗಲೇ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಮೇಲೆ ದೇವಸ್ಥಾನವಿದೆ, ನೀರು ಸಿಕ್ಕೀತು ಎಂದು ನಾನೇ ಧೈರ್ಯ ಹೇಳಿ ಹತ್ತಿಸಿದೆ.

ಮೆಟ್ಟಿಲುಗಳ ಅರ್ಧ ದಾರಿಯಲ್ಲಿ ಒಬ್ಬ ವಿದ್ಯಾರ್ಥಿನಿ ಕುಳಿತುಬಿಟ್ಟಳು. ಮೊದಲು ಕಾಲಿನ ಮೀನಖಂಡ ಸೆಳೆಯುತ್ತಿದೆ ಎಂದಳು. ಸ್ವಲ್ಪ ಹೊತ್ತಿಗೆ ವಾಂತಿ ಮಾಡಿಕೊಂಡಳು. ಮುಖ ಬಿಳಿಚಿಕೊಂಡಿತ್ತು, ಕೈ ಮುಟ್ಟಿದರೆ ತಣ್ಣಗೆ ಜಿಗುಟಾಗಿತ್ತು. ಗುಂಪಿನ ಮುಂದಿನ ಹುಡುಗರು ಆಗಲೇ ಎಷ್ಟೋ ಮೇಲೆ ಹೋಗಿದ್ದರು. ನೀರು ಹೆಚ್ಚು ಉಳಿದಿದ್ದದ್ದು ಅವರ ಚೀಲಗಳಲ್ಲಿ. ಆಗ ನಮ್ಮನ್ನು ಉಳಿಸಿದವರು ಕೆಳಗೆ ಕುರಿ ಬಿಟ್ಟುಕೊಂಡು ಕುಳಿತಿದ್ದ ಒಬ್ಬ ಹಿರಿಯರು. ಅವರು ಹತ್ತಿ ಬಂದು, ಹುಡುಗಿಯನ್ನು ಎರಡು ಗುಂಡುಗಳ ನಡುವಿನ ನೆರಳಿಗೆ ಸಾಗಿಸಲು ಕೈಜೋಡಿಸಿ, ತಮ್ಮ ಟವೆಲ್ಲನ್ನು ನೆನೆಸಿ ಅವಳ ಕುತ್ತಿಗೆಗೆ ಸುತ್ತಿದರು. ಆಮೇಲೆ ನನ್ನ ಕಡೆ ತಿರುಗಿ, ಸಿಟ್ಟಿಲ್ಲದ ದನಿಯಲ್ಲಿ, "ಹತ್ತು ಗಂಟೆ ಆದ್ಮೇಲೆ ಬಂಡೆ ಕಾಯ್ತದೆ ಕಣಮ್ಮಾ. ಈ ಹೊತ್ನಾಗೆ ನನ್ನ ಕುರಿನೂ ಮ್ಯಾಲಕ್ಕೆ ಹತ್ತಲ್ಲ, ನೀನು ಮಕ್ಕಳನ್ನ ಹತ್ತಿಸ್ತೀಯಲ್ಲ," ಎಂದರು. ಒಬ್ಬ ವಿದ್ಯಾರ್ಥಿಯ ಚೀಲದಲ್ಲಿ ಅವನ ತಾಯಿ ಹಾಕಿಕೊಟ್ಟಿದ್ದ ಓಆರ್‌ಎಸ್ ಪೊಟ್ಟಣ ಸಿಕ್ಕಿತು. ಗುಟುಕು ಗುಟುಕಾಗಿ ಕುಡಿಸಿ, ಒಂದು ಗಂಟೆ ಮಲಗಿಸಿದ ಮೇಲೆ ಅವಳು ಚೇತರಿಸಿಕೊಂಡಳು. ನಾವು ತುದಿ ಕಾಣದೆ ಇಳಿದೆವು.

ಆ ರಾತ್ರಿ ನನ್ನ ಹಾಳೆಯನ್ನು ಮತ್ತೆ ಬಿಡಿಸಿ ನೋಡಿದಾಗ, ಅದರಲ್ಲಿ ಏರಿಕೆಗೆಂದು ಒಂದು ನಿಮಿಷವನ್ನೂ ನಾನು ಇಟ್ಟಿರಲಿಲ್ಲ ಎಂಬುದು ಕಂಡಿತು. ಶಾಸನತಜ್ಞ ಬಿ.ಎಲ್. ರೈಸ್ ಈ ಶಾಸನಗಳನ್ನು ಬೆಳಕಿಗೆ ತಂದ 1892ರಲ್ಲಿಯೇ ವಿಲಿಯಂ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿಯೊಬ್ಬರು ಬೆಟ್ಟ ನಡೆಯುವವರಿಗೆ ಒಂದು ಲೆಕ್ಕ ಹಾಕಿಕೊಟ್ಟಿದ್ದಾರೆ: ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 2,000 ಅಡಿ ಏರಿಕೆಗೆ ಇನ್ನೊಂದು ಗಂಟೆ. ಇದು ಅಭ್ಯಾಸವಿರುವ ಗಟ್ಟಿ ಕಾಲಿನವರು ನಿಲ್ಲದೆ ನಡೆದರೆ ಹಿಡಿಯುವ ಸಮಯ. ಚಪ್ಪಲಿ ಹಾಕಿಕೊಂಡು ಬಂದಿರುವ, ಎಂದೂ ಬೆಟ್ಟ ಹತ್ತದ ನಲವತ್ತು ಜನರ ಗುಂಪಿಗೆ ನಾನು ಈಗ ಅದನ್ನು ಸರಿಯಾಗಿ ಇಮ್ಮಡಿ ಮಾಡುತ್ತೇನೆ. ಹಾಗೆ ಮಾಡಿದ ಯಾವ ವರ್ಷವೂ ಸಮಯ ಹೆಚ್ಚಾಗಿ ಉಳಿದದ್ದಿಲ್ಲ.

ಆದರೆ ನನ್ನ ನಿಜವಾದ ತಪ್ಪು ಲೆಕ್ಕದ್ದಲ್ಲ, ಕ್ರಮದ್ದು. ಕುರಿ ಕಾಯುವ ಆ ಯಜಮಾನರು ಹೇಳಿದ ಮಾತು ಅದೇ. ದಿನದ ಅತಿ ಕಷ್ಟದ ಏರಿಕೆಯನ್ನು ದಿನದ ಅತಿ ತಂಪಾದ ಹೊತ್ತಿಗೆ ಇಟ್ಟು, ಉಳಿದ ಎಲ್ಲವನ್ನೂ ಅದರ ಸುತ್ತ ಹೊಂದಿಸಿಕೊಳ್ಳಬೇಕೇ ಹೊರತು ಪಾಠದ ಅನುಕ್ರಮಕ್ಕೆ ಬೆಟ್ಟವನ್ನು ಹೊಂದಿಸಲಾಗದು. ಹಾಗಾಗಿ ಈಗ ನಾವು ಡಿಸೆಂಬರ್ ಅಥವಾ ಜನವರಿಯಲ್ಲಿ, ನಾಲ್ಕು ಗಂಟೆಯ ಕತ್ತಲಲ್ಲಿ ದುರ್ಗ ಬಿಟ್ಟು, ಸೂರ್ಯ ಹುಟ್ಟುವ ಹೊತ್ತಿಗೆ ಜಟಿಂಗ ರಾಮೇಶ್ವರದ ಮೊದಲ ಮೆಟ್ಟಿಲಿನ ಮೇಲೆ ಕಾಲಿಡುತ್ತೇವೆ. ರಾವಣನಿಂದ ಗಾಯಗೊಂಡ ಜಟಾಯು ಬಿದ್ದದ್ದು ಇಲ್ಲಿಯೇ ಎಂಬ ಸ್ಥಳಪುರಾಣವನ್ನು ಬಸ್ಸಿನಲ್ಲಿಯೇ ಹೇಳಿ ಮುಗಿಸಿರುತ್ತೇನೆ. ಹತ್ತುವಾಗ ಮಾತು ಬೇಡ, ಉಸಿರು ಬೇಕು. ಮೇಲಿನ ಶಾಸನದ ಬಂಡೆಗೆ ಬಳೆಗಾರ ಗುಂಡು ಎಂಬ ಹೆಸರು. ಜಾತ್ರೆಯಲ್ಲಿ ಬಳೆ ಮಾರುವವರು ಅದರ ಮೇಲೆ ಕುಳಿತುಕೊಳ್ಳುತ್ತಿದ್ದರಂತೆ, ಅಕ್ಷರಗಳು ಸವೆದು ಹೋಗಿವೆ. ಹತ್ತು ಗಂಟೆಯ ಒಳಗೆ ಎಲ್ಲರೂ ಕೆಳಗಿರಬೇಕು. ತುದಿ ಮುಟ್ಟದಿದ್ದರೂ ಒಂಬತ್ತಕ್ಕೆ ಹಿಂದಿರುಗುವುದು ಎಂದು ಹೊರಡುವ ಮುನ್ನವೇ ಎಲ್ಲರ ಎದುರು ಹೇಳಿಬಿಡುತ್ತೇನೆ. ಬೆಟ್ಟದ ಮೇಲೆ ನಿಂತು ಆ ತೀರ್ಮಾನ ತೆಗೆದುಕೊಳ್ಳಲು ಹೋದರೆ ತುದಿಯ ಆಸೆಯೇ ಗೆಲ್ಲುತ್ತದೆ, ನನ್ನಲ್ಲೂ ಅದು ಗೆದ್ದಿತ್ತು.

ಮಧ್ಯಾಹ್ನದ ಮೂರು ಗಂಟೆಗಳನ್ನು ಊರಿನೊಳಗೆ, ಮರದ ನೆರಳಿನಲ್ಲಿ ಕಳೆಯುತ್ತೇವೆ. ಮೊದಲು ಇದನ್ನು ವ್ಯರ್ಥ ಸಮಯವೆಂದು ಭಾವಿಸಿದ್ದೆ. ಈಗ ನೋಡಿದರೆ ವಿದ್ಯಾರ್ಥಿಗಳು ಊರಿನವರ ಜೊತೆ ಕುಳಿತು ಮಾತನಾಡುವುದು, ಬ್ರಹ್ಮಗಿರಿಯ ಶಾಸನದ ಬಂಡೆಗೆ ಅವರು ಹೇಳುವ ಅಕ್ಷರಗುಂಡು ಎಂಬ ಹೆಸರನ್ನು ಅವರ ಬಾಯಿಂದಲೇ ಕೇಳುವುದು ಆ ಮೂರು ಗಂಟೆಗಳಲ್ಲಿಯೇ. ನೀರಿನ ಕ್ಯಾನುಗಳನ್ನು ಹೊತ್ತ ಗಾಡಿ ಅಲ್ಲಿ ಕಾಯುತ್ತಿರುತ್ತದೆ. ತಲೆಗೆ ಮೂರು ಲೀಟರ್, ಹತ್ತು ಜನರಿಗೊಂದು ಓಆರ್‌ಎಸ್ ಕಟ್ಟು, ಇದರಲ್ಲಿ ರಾಜಿಯಿಲ್ಲ.

ನಡೆಯುವ ಸಾಲನ್ನೂ ತಿರುಗಿಸಿದ್ದೇನೆ. ಎಲ್ಲರಿಗಿಂತ ನಿಧಾನವಾಗಿ ನಡೆಯುವ ಇಬ್ಬರು ಮುಂದೆ, ಅವರನ್ನು ದಾಟುವ ಹಾಗಿಲ್ಲ. ಗಟ್ಟಿಗರು ಹಿಂದೆ, ಹೆಚ್ಚಿನ ನೀರು ಅವರ ಬೆನ್ನಿನ ಮೇಲೆ. ಮುಂಚಿತವಾಗಿ ದಾರಿ ನೋಡಲು ಹೋಗುವಾಗಲೂ ಒಬ್ಬಳೇ ಹೋಗುವುದಿಲ್ಲ. ಮಂಡಿನೋವಿರುವ ನಮ್ಮ ಗ್ರಂಥಪಾಲಕರು ಪ್ರತಿ ವರ್ಷ ಬೇಸರಿಸದೆ ಜೊತೆಗೆ ಬರುತ್ತಾರೆ, ಅವರ ಸಮಯವೇ ನಮ್ಮ ಯೋಜನೆಯ ಸಮಯ. ಅನುಮತಿ, ಪೋಷಕರ ಒಪ್ಪಿಗೆ ಪತ್ರ ಇತ್ಯಾದಿಗಳು ಎಲ್ಲ ಕಾಲೇಜುಗಳಲ್ಲೂ ಇರುವಂಥವೇ.

ಸಂಜೆಯ ಕೊನೆಯ ಗಂಟೆಯನ್ನು ಹಿಂದಿನಿಂದ ಎಣಿಸುತ್ತೇನೆ. ಈ ಬೆಟ್ಟಗಳಲ್ಲಿ ಕರಡಿಗಳಿವೆ. ಹಗಲು ಗುಂಡುಗಳ ಪೊಟರೆಯಲ್ಲಿ ಮಲಗಿ, ಹೊತ್ತು ಮುಳುಗುವಾಗ ಹೊರಬೀಳುತ್ತವೆ. ಆರಕ್ಕೆ ಸೂರ್ಯ ಮುಳುಗುವುದಾದರೆ ಐದಕ್ಕೆ ನಾವು ಬಸ್ಸಿನಲ್ಲಿರಬೇಕು, ಐದಕ್ಕೆ ಬಸ್ಸಾದರೆ ಮೂರಕ್ಕೆ ಸಿದ್ದಾಪುರ ಮುಗಿದಿರಬೇಕು. ಹೀಗೆ ಎಣಿಸುತ್ತಾ ಬಂದರೆ ಬ್ರಹ್ಮಗಿರಿಯೇ ದಿನದ ಕೊನೆಯ ನಿಲ್ದಾಣವಾಗುತ್ತದೆ.

ಅಲ್ಲಿ ಬಂಡೆಯ ಮುಂದೆ ಎಲ್ಲರನ್ನೂ ಕೂರಿಸಿ ಶಾಸನದ ಮೊದಲ ಸಾಲನ್ನು ಓದುತ್ತೇನೆ. ಅಶೋಕನ ದಕ್ಷಿಣ ಪ್ರಾಂತ್ಯದ ಆಡಳಿತ ಕೇಂದ್ರವಾಗಿದ್ದ ಸುವರ್ಣಗಿರಿಯಿಂದ ರಾಜಕುಮಾರನೂ ಅಲ್ಲಿಯ ಮಹಾಮಾತ್ರರೂ, ಅಂದರೆ ಹಿರಿಯ ಅಧಿಕಾರಿಗಳೂ, ಇಸಿಲ ಪಟ್ಟಣದ ಮಹಾಮಾತ್ರರಿಗೆ ಕಳಿಸಿದ ಮಾತು ಅದು. ತಂದೆತಾಯಿಯರ ಸೇವೆ, ಪ್ರಾಣಿಗಳ ಮೇಲೆ ದಯೆ, ಸತ್ಯ ನುಡಿಯುವುದು, ಗುರುವಿಗೆ ಗೌರವ ಎಂಬ ಬೋಧೆಗಳೆಲ್ಲ ಆಮೇಲೆ ಬರುತ್ತವೆ. ಅವೆಲ್ಲಕ್ಕಿಂತ ಮುಂಚೆ, ಆ ಅಧಿಕಾರಿಗಳ ಆರೋಗ್ಯವನ್ನು ವಿಚಾರಿಸಿ ಎಂದಿದೆ. ತರಗತಿಯಲ್ಲಿ ಎಷ್ಟೋ ವರ್ಷ ಅದನ್ನು ಬರಿಯ ಔಪಚಾರಿಕ ಒಕ್ಕಣೆ ಎಂದು ದಾಟಿಸಿಬಿಟ್ಟಿದ್ದೆ. ಈಗ ಅಲ್ಲಿ ನಿಲ್ಲುತ್ತೇನೆ. ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು, ಕಾಲು ಹೇಗಿದೆ, ತಲೆ ಸುತ್ತುತ್ತಿದೆಯೇ, ಬಾಟಲಿಯಲ್ಲಿ ನೀರು ಎಷ್ಟು ಉಳಿದಿದೆ ಎಂದು ಕೇಳಿ, ನಲವತ್ತನೆಯವರು ಉತ್ತರ ಕೊಟ್ಟ ಮೇಲೆ ಎರಡನೆಯ ಸಾಲಿಗೆ ಹೋಗುತ್ತೇನೆ.