33ನೇ ಅಧ್ಯಾಯದ ಕೊನೇ ಸಾಲು ಕೊನೆಗೂ ಕೂತಿತು

ಮೂರು ವಾರ ಸತಾಯಿಸಿದ ಸಾಲು ನಿನ್ನೆ ರಾತ್ರಿ ಹನ್ನೊಂದೂವರೆಗೆ ಕೈಗೆ ಬಂತು. ಖುಷಿಗೆ ನಿದ್ದೆ ಬರಲಿಲ್ಲ, ಅದಕ್ಕೇ ಬಿಸಿಬಿಸಿಯಾಗಿ ಬರೆಯುತ್ತಿದ್ದೇನೆ.

ದಾವ್ ದ ಜಿಂಗ್, ಅಂದರೆ ಲಾವೋತ್ಸುವಿನದು ಅನ್ನುವ ಹಳೇ ಚೀನೀ ಗ್ರಂಥವನ್ನು ಕನ್ನಡಕ್ಕೆ ತಂದು ಕೈಯಲ್ಲೇ ಪುಸ್ತಕ ಮಾಡುತ್ತಿದ್ದೇನೆ. ಎಡಪುಟದಲ್ಲಿ ಕುಂಚದ ಚೀನೀ ಮೂಲ, ಬಲಪುಟದಲ್ಲಿ ನನ್ನ ಕನ್ನಡ, ಕೊನೆಗೆ ದಾರದ ಹೊಲಿಗೆ. 32ರವರೆಗಿನ ಕಥೆ ಬಿಟ್ಟುಬಿಡುತ್ತೇನೆ. 33ರಲ್ಲೂ ಮೊದಲ ಸಾಲುಗಳು ಒಂದೇ ಸಂಜೆಗೆ ಬಂದವು. ‘ಸಾಕು ಅನ್ನುವುದನ್ನು ಬಲ್ಲವನು ಸಿರಿವಂತ’ ಅನ್ನುವುದಕ್ಕಂತೂ ಒದ್ದಾಡುವ ಕೆಲಸವೇ ಇರಲಿಲ್ಲ. ‘ನೆಲೆ ತಪ್ಪದವನು ಉಳಿಯುತ್ತಾನೆ’ ಅನ್ನುವಲ್ಲಿಗೆ ಬಂದು ಚಹಾ ಕುಡಿದೆ. ಇನ್ನೊಂದೇ ಸಾಲು ಬಾಕಿ ಇತ್ತು.

ಆ ಒಂದು ಸಾಲು: ಸ್ಸು ಅರ್ ಬು ವಾಂಗ್ ಜ಼ ಷೋ. ಸತ್ತೂ ‘ವಾಂಗ್’ ಆಗದವನಿಗೆ ‘ಷೋ’, ಅಂದರೆ ದೀರ್ಘ ಆಯುಸ್ಸು. ಎಲ್ಲ ತೊಂದರೆ ಆ ವಾಂಗ್‌ನಲ್ಲಿದೆ.

ನಾವು ದಿನಾ ನೋಡುವ ಪಾಠದಲ್ಲಿ ಆ ಅಕ್ಷರಕ್ಕೆ ಅಳಿ, ಇಲ್ಲವಾಗು, ಕಳೆದುಹೋಗು ಎಂಬ ಅರ್ಥಗಳಿವೆ. ಮೊದಲ ಯತ್ನ: ‘ಸತ್ತೂ ಅಳಿಯದವನು ಚಿರಂಜೀವಿ.’ ಬರೆದ ಕೂಡಲೇ ಹನುಮಂತ, ಅಶ್ವತ್ಥಾಮ ಇಬ್ಬರೂ ಬಂದು ಪುಟದಲ್ಲಿ ಕೂತರು. ಅವರು ಸಾಯಲೇ ಇಲ್ಲವಲ್ಲ! ‘ಅಮರ’ ಅಂದರೂ ಅದೇ ಪಾಡು, ಆ ಪದದ ಅರ್ಥವೇ ಸಾಯದವನು. ಲಾವೋತ್ಸು ಮಾತಾಡುತ್ತಿರುವುದು ಸತ್ತವನ ಬಗ್ಗೆ. ಎರಡನೇ ಯತ್ನ: ‘ಸತ್ತೂ ಸಾಯದವನು.’ ಕಿವಿಗೆ ಚೆನ್ನಾಗಿದೆ, ಆದರೆ ಮೂಲದಲ್ಲಿ ಬೇರೆ ಬೇರೆ ಎರಡು ಪದಗಳಿವೆ. ಒಂದೇ ಪದ ಎರಡು ಸಲ ಹಾಕಿದರೆ ಸಾಲು ಒಗಟಾಗುತ್ತದೆ, ಅಷ್ಟೇ.

ಆಮೇಲೆ ಹಳೇ ಪ್ರತಿಗಳನ್ನು ನೋಡೋಣ ಅಂತ ಹೋದೆ. ಈ ಗ್ರಂಥದ ತೀರಾ ಹಳೇ ಪ್ರತಿಯಾದ ಗುವೋಡಿಯನ್ ಬಿದಿರಿನ ಪಟ್ಟಿಗಳಲ್ಲಿ 33ನೇ ಅಧ್ಯಾಯವೇ ಇಲ್ಲ. ಉಳಿದದ್ದು ಮಾವಾಂಗ್‌ದುಯಿ. 1973ರಲ್ಲಿ ಚಾಂಗ್‌ಷಾ ಊರಿನ ಹತ್ತಿರ ಮೂರನೇ ಸಮಾಧಿಯಲ್ಲಿ ಸಿಕ್ಕ ರೇಷ್ಮೆಯ ಪ್ರತಿಗಳು. ಆ ಸಮಾಧಿ ಮುಚ್ಚಿದ್ದು ಕ್ರಿ.ಪೂ. 168ರಲ್ಲಿ. ಅಲ್ಲಿ ಅದೇ ವಾಂಗ್ ಅಕ್ಷರದ ಕೆಳಗೆ ಹೃದಯ ಅನ್ನುವ ಅಕ್ಷರ ಸೇರಿಕೊಂಡಿದೆ. ಹೃದಯ ಸೇರಿದರೆ ಅರ್ಥ ‘ಮರೆ’. ಅಂದರೆ, ಸತ್ತೂ ಮರೆತುಹೋಗದವನು! ಆವತ್ತಿನ ಲಿಪಿಕಾರರು ಒಂದೇ ಥರ ಕೇಳಿಸುವ ಅಕ್ಷರಗಳನ್ನು ಒಂದರ ಬದಲು ಇನ್ನೊಂದು ಬರೆಯುತ್ತಿದ್ದರು. ಹಾಗಾಗಿ ಇದು ಬೇರೆ ಅರ್ಥವೋ, ಸುಮ್ನೆ ಬರೆವಣಿಗೆಯ ರೂಢಿಯೋ ಅಂತ ಪಂಡಿತರು ಜಗಳವಾಡಬಹುದು. ನನಗೆ ಮಾತ್ರ ಆ ಹೃದಯವನ್ನು ಅಲ್ಲೇ ಬಿಟ್ಟುಬರಲು ಮನಸ್ಸಾಗಲಿಲ್ಲ. ಮೂರನೇ ಯತ್ನ: ‘ಸತ್ತ ಮೇಲೂ ನೆನಪಲ್ಲಿ ಉಳಿದವನು.’ ಬೆಳಗ್ಗೆ ಎದ್ದು ಓದಿದರೆ ಪೇಪರಿನ ಪುಣ್ಯಸ್ಮರಣೆ ಜಾಹೀರಾತಿನ ಹಾಗಿತ್ತು. ಹೊಡೆದುಹಾಕಿದೆ.

ವ್ಯಾಖ್ಯಾನಕಾರರ ಹತ್ತಿರ ಹೋದರೆ ಗೊಂದಲ ಇನ್ನೂ ಜಾಸ್ತಿ. ವಾಂಗ್ ಬಿ ಹೇಳುವುದು: ದೇಹ ಹೋದರೂ ದಾವ್, ಅಂದರೆ ಎಲ್ಲದರ ಮೂಲವಾದ ದಾರಿ, ಉಳಿಯುತ್ತದೆ. ಹೆಷಾಂಗ್ ಗೊಂಗ್ ಆಯುಸ್ಸಿಗೆ ನೇರ ದಾರಿ ತೋರಿಸುತ್ತಾನೆ: ಕಣ್ಣು ಅಡ್ಡಾದಿಡ್ಡಿ ನೋಡದಿರಲಿ, ಕಿವಿ ಅಡ್ಡಾದಿಡ್ಡಿ ಕೇಳದಿರಲಿ, ಬಾಯಿ ಅಡ್ಡಾದಿಡ್ಡಿ ಆಡದಿರಲಿ. ಅವನ ಕಿವಿಗೆ ಕೇಳಿಸಿದ್ದು ಮೂರನೇ ವಾಂಗ್ ಅಂತ ಕಾಣುತ್ತದೆ, ಕೆಳಗೆ ಹೆಣ್ಣು ಅನ್ನುವ ಅಕ್ಷರ ಇರುವಂಥದ್ದು. ಅದರ ಅರ್ಥ ಅಂಕೆ ತಪ್ಪಿದ್ದು.

ಇನ್ನು ಶಿಯಾಂಗರ್ ಅನ್ನುವ ಹಳೇ ದಾವ್ ಪಂಥದ ವ್ಯಾಖ್ಯಾನ. ದುನ್‌ಹುವಾಂಗ್ ಗುಹೆಯಲ್ಲಿ ಸಿಕ್ಕ ಅದರ ಪ್ರತಿ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಓದುವಾಗ ಮೈ ಜುಂ ಅಂದಿತು. ಸಾಧನೆ ತುಂಬಿದವನು ಸತ್ತ ಹಾಗೆ ಮಾಡಿ ಲೋಕದಿಂದ ಜಾರಿಕೊಳ್ಳುತ್ತಾನೆ. ತಾಯ್‌ಯಿನ್ ಅನ್ನುವ ಮಹಾ ಕತ್ತಲೆಯನ್ನು ದಾಟಿ ಮತ್ತೆ ಹುಟ್ಟಿ ಹೋಗುತ್ತಾನೆ. ಅದಕ್ಕೇ ಅವನು ಅಳಿಯುವುದಿಲ್ಲ. ಒಳ್ಳೇ ಕೆಲಸ ಮಾಡದ ಸಾಮಾನ್ಯ ಜನ ಸತ್ತರೆ ನೆಲದಡಿಯ ಅಧಿಕಾರಿಗಳ ಪಾಲು. ಮುಂದೆ ಅಮರತ್ವ ಹುಡುಕಿ ಬೆಟ್ಟ ಹತ್ತಿದವರು ಈ ಸಾಲನ್ನು ಯಾಕೆ ಎದೆಗೆ ಅವಚಿಕೊಂಡರು ಅಂತ ಆಗ ಅರ್ಥವಾಯಿತು.

ಈ ನಡುವೆ ಕಾಗದದ ರಗಳೆ ಬೇರೆ. ಶ್ವೆನ್ ಅನ್ನುವುದು ಕುಂಚದ ಬರವಣಿಗೆಯ ಚೀನೀ ಕಾಗದ. ಅದರಲ್ಲಿ ಶಾಯಿ ಹೀರುವ ‘ಹಸಿ’ ಕಾಗದಕ್ಕೆ ದುಡ್ಡು ಕಟ್ಟಿದ್ದೆ. ಬಂದದ್ದು ಪಟಿಕದ ನೀರು ಕುಡಿಸಿದ ‘ಬೆಂದ’ ಕಾಗದ. ಶಾಯಿ ಅದರ ಮೇಲೆ ಕೆಸುವಿನೆಲೆ ಮೇಲಿನ ನೀರಿನ ಹಾಗೆ ನಿಲ್ಲುತ್ತದೆ. ಕೇಳಿದರೆ ‘ಎರಡೂ ಒಂದೇ ಸಾರ್’ ಅಂದರು. ಒಂದೇ ಅಲ್ಲ! ತರಿಸುವವರು ಸುರುಳಿ ಬಿಚ್ಚಿದ ತಕ್ಷಣ ಮೂಲೆಗೆ ಒಂದು ಹನಿ ನೀರು ಬಿಟ್ಟು ನೋಡಿ. ಹೀರಿ ಹರಡಿದರೆ ಮಾತ್ರ ಹಸಿ.

ನಿನ್ನೆ ರಾತ್ರಿ ‘ಮರೆಯದ’ ಸರಿಯೋ ‘ಮರೆತುಹೋಗದ’ ಸರಿಯೋ ನೋಡಲು ನಿಘಂಟು ತೆಗೆದೆ. ‘ಮರೆ’ ಅಂದರೆ ನೆನಪು ಹೋಗು. ಪಕ್ಕದಲ್ಲೇ ಇನ್ನೊಂದು ‘ಮರೆ’: ತೆರೆ, ಅಡ್ಡ, ಕಾಣದ ಜಾಗ. ಸೂರ್ಯ ಮರೆಯಾದ ಅನ್ನುತ್ತೇವೆ. ಹಿರಿಯರು ತೀರಿಕೊಂಡರೆ ಮರೆಯಾದರು ಅನ್ನುತ್ತೇವೆ. ಇಲ್ಲವಾಗುವುದು, ನೆನಪಿನಿಂದ ಜಾರುವುದು, ಎರಡೂ ಕನ್ನಡದಲ್ಲಿ ಒಂದೇ ಸದ್ದಿನಲ್ಲಿ ಕೂತಿವೆ, ಎರಡು ವಾಂಗ್‌ಗಳು ಕೂತಿರುವ ಹಾಗೇ!

‘ನೆಲೆ ತಪ್ಪದವನು ಉಳಿಯುತ್ತಾನೆ.
ಸತ್ತೂ ಮರೆಯಾಗದವನು ಬಾಳುತ್ತಾನೆ.’

ಜೋರಾಗಿ ನಾಲ್ಕು ಸಲ ಓದಿದೆ. ಶಿಯಾಂಗರ್ ಸಾಧಕನಿಗೂ ಇದು ಹೊಂದುತ್ತದೆ. ಅವನು ಕತ್ತಲೆಯ ಮರೆಗೆ ಹೋಗುತ್ತಾನೆ, ಆದರೆ ಮರೆಯಾಗಿಬಿಡುವುದಿಲ್ಲ. ಹೆಷಾಂಗ್ ಗೊಂಗ್‌ನ ಮೂರನೇ ವಾಂಗ್ ಮಾತ್ರ ಹೊರಗುಳಿಯಿತು. ಅದಕ್ಕೆ ಪುಟದಂಚಿನಲ್ಲಿ ಸಣ್ಣ ಟಿಪ್ಪಣಿ ಹಾಕುತ್ತೇನೆ.

ಒಂದು ವಿಷಯ ತಲೆಯಿಂದ ಹೋಗುತ್ತಿಲ್ಲ. ಅದೇ ಮೂರನೇ ಸಮಾಧಿಯಲ್ಲಿ ದಾವೋಯಿನ್ ಚಿತ್ರವೂ ಸಿಕ್ಕಿತು. ರೇಷ್ಮೆಯ ಮೇಲೆ ವ್ಯಾಯಾಮ ಮಾಡುವ 44 ಜನರ ಚಿತ್ರಗಳು, ಗಂಡಸರು ಹೆಂಗಸರು ಇಬ್ಬರೂ ಇದ್ದಾರೆ. ಕಾಳು ಬಿಟ್ಟು ಉಸಿರು ಉಣ್ಣುವ ಬಗ್ಗೆಯೂ ಒಂದು ಬರಹ ಜೊತೆಗಿತ್ತು. ಹತ್ತಿರದ ಒಂದನೇ ಸಮಾಧಿಯಲ್ಲಿದ್ದ, ಅದೇ ಮನೆತನದ ಹೆಂಗಸು ಶಿನ್ ಜ಼ುಯಿಯ ದೇಹ ಎರಡು ಸಾವಿರ ವರ್ಷ ಕಳೆದರೂ ಕೊಳೆಯದೆ ಉಳಿದಿತ್ತು. ಇಂಥ ಮನೆತನದವರ ಪೆಟ್ಟಿಗೆಯಲ್ಲಿ ಈ ಸಾಲು, ಅದೂ ಹೃದಯ ಸೇರಿಸಿಕೊಂಡು! ಆ 44 ಚಿತ್ರಗಳನ್ನು ಒಂದೊಂದಾಗಿ ಕುಂಚದಲ್ಲಿ ಬಿಡಿಸಿ, ಕರಡಿಯ ಭಂಗಿಗೂ ಕೋತಿಯ ಕೂಗಿಗೂ ಕನ್ನಡದ ಹೆಸರಿಡಬೇಕು ಅನ್ನುವ ಆಸೆ ಹುಟ್ಟಿದೆ. ಅಳತೆಯ ಕಾಗದ ಕತ್ತರಿಸಿಯೂ ಇಟ್ಟೆ.

ಆದರೆ ಅದಕ್ಕೆ ಮೊದಲು 50ನೇ ಅಧ್ಯಾಯ ದಾಟಬೇಕು. ಬದುಕು ಸಾವಿನ ಬಗ್ಗೆ ಹೇಳುವಾಗ ಅಲ್ಲಿ ಬರುವ ಎಣಿಕೆಯನ್ನು ‘ಹತ್ತರಲ್ಲಿ ಮೂರು’ ಅಂತ ಓದಬೇಕೋ ‘ಹದಿಮೂರು’ ಅಂತಲೋ? ವಾಂಗ್ ಬಿ ಮೂರು ಪಾಲು ಅನ್ನುತ್ತಾನೆ. ಹಳೇ ಚೀನೀ ಚಿಂತಕ ಹಾನ್ ಫೈನ ಓದಿನಲ್ಲಿ ನಾಲ್ಕು ಕೈಕಾಲು, ಒಂಬತ್ತು ದ್ವಾರ, ಒಟ್ಟು ಹದಿಮೂರು. ಯಾರಾದರೂ ಇದನ್ನು ಕನ್ನಡಕ್ಕೆ ತಂದು ನೋಡಿದ್ದರೆ ಹೇಳಿ. ಹಸಿ ಕಾಗದ ಸಿಗುವ ಜಾಗ ಗೊತ್ತಿದ್ದರೆ ಅದನ್ನೂ.