ಹಡಗು ಲಿಸ್ಬನ್ನಿನಲ್ಲಿ ನಿಂತ ಹಗಲು

ಪ್ರವಾಸಿ ಹಡಗುಗಳು ತಂಗುವ ಎಷ್ಟೋ ಬಂದರುಗಳಲ್ಲಿ ಊರು ಬೇರೆ ಕಡೆ, ಧಕ್ಕೆ ಬೇರೆ ಕಡೆ ಇರುತ್ತದೆ. ರೋಮ್ ನೋಡಲು ಹೊರಟವರು ಚಿವಿತಾವೆಕ್ಕಿಯಾದಲ್ಲಿ ಇಳಿದು ರೈಲು ಹತ್ತಬೇಕು. ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ ಹಾಗಲ್ಲ. ಟೇಗಸ್ ನದಿ ಅಟ್ಲಾಂಟಿಕ್ ಸಾಗರವನ್ನು ಸೇರುವ ಮುನ್ನ ಸಮುದ್ರದಂತೆಯೇ ಅಗಲವಾಗುವ ಜಾಗದಲ್ಲಿ ಈ ನಗರವಿದೆ. ಹಡಗು ಆ ನದಿಯಲ್ಲೇ ಒಳಗೆ ಬಂದು, ಅಲ್ಲಿನ ಅತಿ ಹಳೆಯ ಕೇರಿಯಾದ ಅಲ್ಫಾಮಾದ ಬುಡದಲ್ಲಿ ನಿಲ್ಲುತ್ತದೆ. 2017ರಲ್ಲಿ ತೆರೆದ ಪ್ರಯಾಣಿಕರ ಟರ್ಮಿನಲ್‌ನಿಂದ ಹೊರಬಂದು ಒಂದು ರಸ್ತೆ ದಾಟಿದರೆ ಸಾಕು, ಮೆಟ್ಟಿಲುಗಳ ಗಲ್ಲಿಗಳು ಶುರುವಾಗುತ್ತವೆ.

ಹಡಗಿನವರು ಏರ್ಪಡಿಸುವ ಪ್ರವಾಸಗಳ ಪಟ್ಟಿಯಲ್ಲಿ ಹತ್ತಿರದ ಸಿಂತ್ರಾ ಎಂಬ ಊರಿನ ಅರಮನೆಗಳು ಮೊದಲಿರುತ್ತವೆ. ಆ ಅರಮನೆಗಳು ಚೆಂದವೇ. ಆದರೆ ಒಂದೇ ಹಗಲು ಕೈಯಲ್ಲಿರುವವರು ಅದನ್ನು ಬಿಟ್ಟುಬಿಡುವುದು ಒಳ್ಳೆಯದೆಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಲಿಸ್ಬನ್ ನಗರವೇ ಒಂದು ದಿನಕ್ಕೆ ಮೀರಿದ ಸರಕು. ಎಲ್ಲವನ್ನೂ ನೋಡಲು ಹೊರಟು ಯಾವುದನ್ನೂ ನೋಡದೆ ಮರಳುವ ಬದಲು ನಾನು ಒಂದು ಎಳೆಯನ್ನು ಹಿಡಿದು ನಡೆದೆ: 1755ರ ಭೂಕಂಪದಲ್ಲಿ ಈ ಊರಿನ ಏನು ಉಳಿಯಿತು, ಏನು ಬಿತ್ತು, ಬಿದ್ದದ್ದರ ಜಾಗದಲ್ಲಿ ಏನು ಎದ್ದಿತು?

ಆ ವರ್ಷದ ನವೆಂಬರ್ 1 ಸಕಲ ಸಂತರ ಹಬ್ಬದ ದಿನ. ಬೆಳಗಿನ ಪೂಜೆಗೆಂದು ಜನ ಚರ್ಚುಗಳಲ್ಲಿ ಕಿಕ್ಕಿರಿದಿದ್ದ ಹೊತ್ತಿನಲ್ಲೇ ನೆಲ ನಡುಗಿತು. ಬೀಳುವ ಕಟ್ಟಡಗಳಿಂದ ಪಾರಾಗಲು ಬಯಲಿದೆಯೆಂದು ನದಿಯ ದಡಕ್ಕೆ ಓಡಿದವರ ಕಣ್ಣೆದುರೇ ನೀರು ಹಿಂದೆ ಸರಿದು, ಬಳಿಕ ಸುನಾಮಿಯಾಗಿ ಮರಳಿ ಬಂತು. ಹಬ್ಬಕ್ಕೆಂದು ಹಚ್ಚಿದ್ದ ಮೇಣದಬತ್ತಿಗಳಿಂದಲೂ ಒಲೆಗಳಿಂದಲೂ ಹೊತ್ತಿಕೊಂಡ ಬೆಂಕಿ ದಿನಗಟ್ಟಲೆ ಉರಿಯಿತು. ಹತ್ತಾರು ಸಾವಿರ ಜನ ಸತ್ತರು. ನದಿಯಂಚಿನ ಅರಮನೆಯೂ, ಭಾರತದೊಡನೆ ನಡೆಯುತ್ತಿದ್ದ ವ್ಯಾಪಾರದ ಲೆಕ್ಕಪತ್ರಗಳನ್ನು ಇಟ್ಟುಕೊಂಡಿದ್ದ ‘ಕಾಜಾ ದ ಇಂಡಿಯಾ’ ಎಂಬ ಕಚೇರಿಯೂ ಅಂದೇ ನಾಶವಾದವು.

ಅಲ್ಫಾಮಾ ಕೋಟೆಯ ಗುಡ್ಡದ ಇಳಿಜಾರಿನಲ್ಲಿರುವುದರಿಂದ ಬಹುಮಟ್ಟಿಗೆ ಉಳಿದುಕೊಂಡಿತು. ಮೂರು ಮಂದಿ ಜೊತೆಯಾಗಿ ನಡೆಯಲಾಗದ ಓಣಿಗಳು, ಕಿಟಕಿಯಿಂದ ಕಿಟಕಿಗೆ ಒಣಹಾಕಿದ ಬಟ್ಟೆಗಳು, ದಿಕ್ಕು ತಪ್ಪಿಸುವ ತಿರುವುಗಳು ಇಲ್ಲಿವೆ. ಇಸ್ಲಾಮಿ ಆಳ್ವಿಕೆಯ ಕಾಲದ ಬೀದಿಗಳ ಹೆಣಿಗೆ ಇಂದಿಗೂ ಕಾಲಿಗೆ ತಿಳಿಯುತ್ತದೆ. ಕಲ್ಲುಹಾಸು ಸವೆದು ನುಣುಪಾಗಿರುವುದರಿಂದ ಹಿಡಿತವುಳ್ಳ ಪಾದರಕ್ಷೆ ಬೇಕೇ ಬೇಕು. ಹತ್ತಿ ಹತ್ತಿ ಸಾಂತಾ ಲುಜಿಯಾ ಎಂಬ ಪುಟ್ಟ ಚರ್ಚಿನ ಬಳಿಗೆ ಬಂದರೆ, ಅದರ ಹೊರಗೋಡೆಯ ಮೇಲೆ ನೀಲಿ-ಬಿಳಿ ಹೆಂಚುಬಿಲ್ಲೆಗಳ ಚಿತ್ರವೊಂದಿದೆ: ಭೂಕಂಪಕ್ಕೆ ಮುಂಚಿನ ಅರಮನೆಯ ಅಂಗಳ. ಅಲ್ಲಿ ಕಾಣುವ ಅರಮನೆ ಈಗ ಇಲ್ಲ. ಪಕ್ಕದ ಕಟ್ಟೆಯಿಂದ ನೋಡಿದರೆ ಕೆಂಪು ಮಾಡುಗಳ ಕೆಳಗಡೆ ನದಿಯೂ ನಾವು ಬಂದ ಹಡಗೂ ಕಾಣುತ್ತವೆ. ಜನ ಇಲ್ಲಿ ನದಿಯನ್ನು ನೋಡಿ ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಗೋಡೆಯ ಕಡೆಗೆ ತಿರುಗುವವರು ಕಡಿಮೆ. ದಯವಿಟ್ಟು ತಿರುಗಿ ನೋಡಿ.

ಹಳದಿ ಬಣ್ಣದ 28ನೇ ಸಂಖ್ಯೆಯ ಟ್ರಾಮ್ ಇದೇ ದಾರಿಯಲ್ಲಿ ಹಾಯುತ್ತದೆ. ಅದರ ಸರದಿಯಲ್ಲಿ ಕಾಯುವ ಹೊತ್ತಿಗೆ ಇಳಿದು ನಡೆದೇಬಿಡಬಹುದು. 1147ರಲ್ಲಿ ನಗರವನ್ನು ಗೆದ್ದ ದೊರೆ ಅಫೊನ್ಸೊ ಹೆನ್ರಿಕ್ಸ್‌ನ ಕಾಲದಲ್ಲಿ ಆರಂಭವಾದ ಪ್ರಧಾನ ಚರ್ಚನ್ನು ದಾಟಿ ಕೆಳಗಿಳಿದರೆ ಊರಿನ ಸ್ವಭಾವವೇ ಬದಲಾಗುತ್ತದೆ. ಇದು ಬೈಶಾ, ಭೂಕಂಪದಲ್ಲಿ ಪೂರ್ತಿ ನೆಲಸಮವಾಗಿ ಹೊಸದಾಗಿ ಕಟ್ಟಿದ ಭಾಗ. ಮಂತ್ರಿಯಾಗಿದ್ದ, ಮುಂದೆ ಮಾರ್ಕ್ವಿಸ್ ಆಫ್ ಪೊಂಬಾಲ್ ಎನಿಸಿಕೊಂಡವನ ಆಜ್ಞೆಯಂತೆ ಮಾನುವೆಲ್ ದ ಮಾಯಾ ಮೊದಲಾದ ಎಂಜಿನಿಯರುಗಳು ಇಲ್ಲಿ ನೇರವಾದ ಬೀದಿಗಳನ್ನು ಎಳೆದು, ಒಂದೇ ಅಳತೆಯ ಮನೆಗಳನ್ನು ನಿಲ್ಲಿಸಿದರು. ಆ ಮನೆಗಳ ಗೋಡೆಯೊಳಗೆ, ಹೊರಗೆ ಕಾಣದಂತೆ, ಅಡ್ಡ-ಉದ್ದ-ಓರೆ ತೊಲೆಗಳನ್ನು ಜೋಡಿಸಿದ ಮರದ ಪಂಜರವಿದೆ. ನೆಲ ಅಲುಗಿದಾಗ ಕಲ್ಲುಗಾರೆ ಉದುರಿದರೂ ಪಂಜರ ಬಾಗಿ ನಿಲ್ಲಬೇಕೆಂಬುದು ಉದ್ದೇಶ. ಅದರ ಮಾದರಿಯ ಸುತ್ತ ಸೈನಿಕರನ್ನು ಕಾಲಪ್ಪಳಿಸಿ ನಡೆಸಿ ಪರೀಕ್ಷಿಸಿದರೆಂದು ಹೇಳುತ್ತಾರೆ. ಅಂಗಡಿ ಸಾಲುಗಳ ನಡುವೆ ನಡೆಯುವಾಗ ಇದೊಂದು ಸಂಗತಿ ತಿಳಿದಿದ್ದರೆ ಆ ಸಾದಾ ಗೋಡೆಗಳ ಬಗ್ಗೆ ಗೌರವ ಹುಟ್ಟುತ್ತದೆ. ಬೀದಿಯ ಕೊನೆಗೆ, ಬಿದ್ದ ಅರಮನೆಯ ಜಾಗದಲ್ಲಿ, ನದಿಯ ಕಡೆಗೆ ತೆರೆದುಕೊಂಡ ವಿಶಾಲವಾದ ವಾಣಿಜ್ಯ ಚೌಕವಿದೆ.

ರೊಸಿಯೊ ಚೌಕದ ಅಲೆಯಾಕಾರದ ಕಪ್ಪು-ಬಿಳಿ ಕಲ್ಲುಹಾಸನ್ನು ಎಲ್ಲರೂ ನೋಡುತ್ತಾರೆ. ಅದರಾಚೆಯ ಸಾವೊ ಡೊಮಿಂಗೊಸ್ ಚರ್ಚಿನೊಳಗೆ ಹೋಗಬೇಕೆಂದು ನಾನು ವಿಶೇಷವಾಗಿ ಹೇಳುತ್ತೇನೆ. ಭೂಕಂಪದ ಬಳಿಕ ಮತ್ತೆ ಕಟ್ಟಿದ ಈ ಚರ್ಚು 1959ರಲ್ಲಿ ಬೆಂಕಿಗೆ ತುತ್ತಾಯಿತು. 1994ರಲ್ಲಿ ಬಾಗಿಲು ತೆರೆದಾಗ ಸುಟ್ಟ ಗುರುತುಗಳನ್ನು ಮುಚ್ಚದೆ ಹಾಗೆಯೇ ಉಳಿಸಿದರು. ಕಂಬಗಳ ಕಲ್ಲು ಕಾವಿಗೆ ಬಿರಿದು ಚಕ್ಕೆಚಕ್ಕೆಯಾಗಿ ಕಿತ್ತುಬಂದಿದೆ, ಅಂಚುಗಳೆಲ್ಲ ಉದುರಿವೆ; ಮೇಲೆ ಮಾತ್ರ ಕಾವಿಬಣ್ಣದ ಹೊಸ ಛಾವಣಿ. ಹೊರಗಿನ ಚೌಕದಲ್ಲಿ, 1506ರಲ್ಲಿ ಇದೇ ಚರ್ಚಿನಿಂದ ಆರಂಭವಾಗಿ ನಡೆದ ಯೆಹೂದ್ಯರ ಹತ್ಯಾಕಾಂಡದ ಸ್ಮಾರಕವಿದೆ. ಗುಡ್ಡದ ಮೇಲಿನ ಕಾರ್ಮೊ ಮಠವೂ ಇದೇ ಬಗೆಯದು: ಭೂಕಂಪದಲ್ಲಿ ಕುಸಿದ ಛಾವಣಿಯನ್ನು ಮತ್ತೆ ಹೊದಿಸದೆ ಬಿಟ್ಟಿದ್ದು, ಕಮಾನುಗಳು ಆಕಾಶಕ್ಕೆ ತೆರೆದು ನಿಂತಿವೆ. ಬಿದ್ದದ್ದನ್ನು ಬಿದ್ದಂತೆಯೇ ಇರಗೊಡುವ ಧೈರ್ಯವನ್ನು ನಾನು ಬೇರೆ ಕಡೆ ಇಷ್ಟು ಸ್ಪಷ್ಟವಾಗಿ ಕಂಡಿಲ್ಲ.

ಮಧ್ಯಾಹ್ನದ ಮೇಲೆ 15ನೇ ಸಂಖ್ಯೆಯ ಟ್ರಾಮ್ ಹಿಡಿದು ಪಶ್ಚಿಮಕ್ಕೆ, ಬೆಲೆಂಗೆ ಹೋಗಬೇಕು. ಸೋಮವಾರ ಹಡಗು ನಿಂತರೆ ಮಾತ್ರ ಅಲ್ಲಿನ ಮಠದ ಬಾಗಿಲು ಮುಚ್ಚಿರುತ್ತದೆ. ಕೇಂದ್ರ ಭಾಗ ಕುಸಿದಾಗಲೂ ಬೆಲೆಂನ ಜೆರೊನಿಮೊಸ್ ಮಠವೂ ನದಿಯಂಚಿನ ಗೋಪುರವೂ ಬಹುಪಾಲು ಉಳಿದವು. 1983ರಿಂದ ಎರಡೂ ಯುನೆಸ್ಕೊದ ವಿಶ್ವ ಪರಂಪರೆಯ ತಾಣಗಳು. ಹಗ್ಗ, ಹವಳ, ಕಡಲಕಳೆ, ಲಂಗರುಗಳನ್ನು ಕಲ್ಲಿನಲ್ಲಿ ಹೆಣೆದಂತೆ ಕೆತ್ತಿದ ಈ ಮಠವನ್ನು ದೊರೆ ಮೊದಲನೆಯ ಮಾನುವೆಲ್ ಕಟ್ಟಿಸಲಾರಂಭಿಸಿದ್ದು ಹದಿನಾರನೆಯ ಶತಮಾನದ ಮೊದಲಲ್ಲಿ, ಸಾಗರದಾಚೆಯ ವ್ಯಾಪಾರದ ಮೇಲೆ ಹಾಕಿದ ಶೇಕಡ 5ರ ತೆರಿಗೆಯಿಂದ. ಎಂದರೆ ಇಲ್ಲಿನ ಕಲ್ಲುಗಳಲ್ಲಿ ನಮ್ಮ ಪಶ್ಚಿಮ ಕರಾವಳಿಯ ಕಾಳುಮೆಣಸಿನ ಹಣವೂ ಇದೆ.

ಮಠದ ಚರ್ಚಿನೊಳಗೆ ಹೋದೊಡನೆ ಎಡಕ್ಕೆ ವಾಸ್ಕೋ ಡ ಗಾಮನ ಸಮಾಧಿ. 1524ರಲ್ಲಿ ಕೊಚ್ಚಿಯಲ್ಲಿ ಸತ್ತವನನ್ನು ಮೊದಲು ಅಲ್ಲೇ ಹೂಳಿ, 1539ರಲ್ಲಿ ಪೋರ್ಚುಗಲ್ಲಿಗೆ ಒಯ್ದು, ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇಲ್ಲಿಗೆ ತಂದರು. ಪ್ರವಾಸಿಗಳು ಸಮಾಧಿಯ ಮೇಲೆ ಮಲಗಿದ ಮೂರ್ತಿಯ ಕಲ್ಲಿನ ಕೈಗಳನ್ನು ನೋಡಿ ಮುಂದೆ ಸಾಗುತ್ತಿದ್ದರು. ನನಗೆ ಮಾತ್ರ ಅಲ್ಲಿ ನಿಂತಾಗ 1498ರಲ್ಲಿ ಇವನು ಮರಳುವಾಗ ತಂಗಿದ, ಕಾರವಾರದ ಎದುರಿನ ಅಂಜದೀವ ದ್ವೀಪ ನೆನಪಾಯಿತು. 1502ರಲ್ಲಿ ಮೆಕ್ಕಾದಿಂದ ಮರಳುತ್ತಿದ್ದ ಯಾತ್ರಿಕರ ಹಡಗನ್ನು ಹೆಂಗಸರು ಮಕ್ಕಳಿದ್ದಂತೆಯೇ ಸುಡಿಸಿದ್ದೂ ನೆನಪಾಯಿತು. ಗರ್ಭಗುಡಿಯಂತಿರುವ ಮುಂಭಾಗದಲ್ಲಿ ಮಾನುವೆಲ್ ದೊರೆಯ ಶವಪೆಟ್ಟಿಗೆಯನ್ನು ಅಮೃತಶಿಲೆಯ ಆನೆಗಳು ಹೊತ್ತು ನಿಂತಿವೆ. ಯುರೋಪಿನ ದೊರೆಯೊಬ್ಬನ ಗೋರಿಯಡಿ ಆನೆಗಳನ್ನು ನಿಲ್ಲಿಸಿದ್ದರ ಹಿಂದಿನ ಹೆಮ್ಮೆ ಯಾವ ದೇಶಗಳ ಸಂಪತ್ತಿನದೆಂದು ಬಿಡಿಸಿ ಹೇಳಬೇಕಿಲ್ಲ.

ಬೆಲೆಂ ಗೋಪುರಕ್ಕೆ ಹೋದವರು ಒಳಗೆ ಹತ್ತುವ ಸರದಿಗಿಂತ ಹೊರಗಿನಿಂದ ಒಂದು ಕಾವಲು ಬುರುಜಿನ ಬುಡವನ್ನು ಹುಡುಕಲಿ. ಅಲ್ಲಿ ಮಳೆಗಾಳಿಗೆ ಸವೆದ ಖಡ್ಗಮೃಗದ ತಲೆಯೊಂದಿದೆ. ಗುಜರಾತಿನ ಸುಲ್ತಾನನಿಂದ ಉಡುಗೊರೆಯಾಗಿ ಬಂದ ಖಡ್ಗಮೃಗ 1515ರ ಮೇ ತಿಂಗಳಲ್ಲಿ, ಈ ಗೋಪುರದ ಕೆಲಸ ನಡೆಯುತ್ತಿದ್ದಾಗಲೇ, ಲಿಸ್ಬನ್ನಿನಲ್ಲಿ ಇಳಿಯಿತು. ಜರ್ಮನಿಯ ಚಿತ್ರಕಾರ ಡ್ಯೂರರ್ ಆ ಪ್ರಾಣಿಯನ್ನು ಕಣ್ಣಾರೆ ಕಾಣದೆ, ಲಿಸ್ಬನ್ನಿನಿಂದ ಬಂದ ವಿವರಣೆಯ ಮೇಲೆ ತನ್ನ ಹೆಸರಾಂತ ಚಿತ್ರವನ್ನು ಕೆತ್ತಿದ. ಮುಂದೆ ಆ ಖಡ್ಗಮೃಗವನ್ನು ಪೋಪನಿಗೆ ಕಳುಹಿಸುವಾಗ ಇಟಲಿಯ ತೀರದಲ್ಲಿ ಹಡಗು ಮುಳುಗಿ ಅದು ಸತ್ತಿತು.

ಹತ್ತಿರದಲ್ಲೇ, 1960ರಲ್ಲಿ ಕಾಂಕ್ರೀಟು ಮತ್ತು ಕಲ್ಲಿನಲ್ಲಿ ನಿಲ್ಲಿಸಿದ ಅನ್ವೇಷಣೆಗಳ ಸ್ಮಾರಕದ ಮೇಲೆ 33 ಮಂದಿಯ ಆಕೃತಿಗಳಿವೆ. ದೊರೆಗಳು, ನಾವಿಕರು, ನಕ್ಷೆ ಬರೆಯುವವರು, ಪಾದ್ರಿಗಳು ಅಲ್ಲಿದ್ದಾರೆ. ಗಾಮನಿಗೆ ಪೂರ್ವ ಆಫ್ರಿಕಾದ ಮಲಿಂದಿಯಿಂದ ಕಲ್ಲಿಕೋಟೆಗೆ ಮಾನ್ಸೂನ್ ಗಾಳಿಯ ದಾರಿ ತೋರಿಸಿದ ನಾವಿಕ ಅಲ್ಲಿಲ್ಲ. ಅವನಿಗೂ ಒಂದು ಜಾಗ ಸಲ್ಲಬೇಕಿತ್ತು.

ಮರಳುವ ಟ್ರಾಮ್ ಸಂಜೆ ತುಂಬಿರುತ್ತದೆ. ಹಡಗು ಹೊರಡುವ ಹೊತ್ತಿಗಲ್ಲ, ಅದಕ್ಕೂ ಮೊದಲು ಎಲ್ಲರೂ ಹತ್ತಿರಬೇಕಾದ ಹೊತ್ತಿಗೆ ಲೆಕ್ಕ ಹಾಕಿ, ಕೈಯಲ್ಲಿ ಒಂದು ತಾಸು ಹೆಚ್ಚಿಟ್ಟುಕೊಂಡು ಬೆಲೆಂ ಬಿಡಿ. ವಾಣಿಜ್ಯ ಚೌಕದಲ್ಲಿ ಇಳಿದರೆ ಅಲ್ಲಿಂದ ಟರ್ಮಿನಲ್‌ಗೆ ನದಿಯ ಬದಿಯಲ್ಲೇ ಸಮತಟ್ಟಾದ ಕಾಲುದಾರಿ, ಟ್ಯಾಕ್ಸಿಯ ಅಗತ್ಯವಿಲ್ಲ.